ಕೋಲುಮಂಡೆಯ ಹಾಡು ಮತ್ತು ಸಂಕಮ್ಮನ ಬಾಗಿಲು

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಮೂಲಪುರುಷನೆಂದು ನೆನೆಯುವುದು ಕಾರಯ್ಯನನ್ನು. ಕೊಳ್ಳೇಗಾಲ, ಹನೂರು ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಮಲೆ ಮಹದೇಶ್ವರ ಕಾವ್ಯದಲ್ಲಿ ಈ ಕಾರಯ್ಯನ ತಾಯಿಯೇ ಸಂಕಮ್ಮ. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲವನ್ನು ಶಂಕಿಸಿ ಆಣೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಹಿಂಸಿಸಿ, ಕೂಡಿಹಾಕಿ ಹೋಗುತ್ತಾನೆ. ಅಂಥವಳ ಬಾಗಿಲಿಗೆ ಮಾದಪ್ಪ ಜಂಗಮನಾಗಿ ಭಿಕ್ಷೆಗೆ ಬರುತ್ತಾನೆ. 'ಕೋಲುಮಂಡೆ' ಆ ಭಿಕ್ಷೆಯ ಹಾಡು.

1996ರಲ್ಲಿ 'ಜನುಮದ ಜೋಡಿ' ಚಿತ್ರ ಇದನ್ನು ಮನೆಮನೆಗೆ ಮುಟ್ಟಿಸಿತು, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯೂ ಬಂತು. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದಾಗ, ಸಂಕಮ್ಮನನ್ನು ಅಸಭ್ಯವಾಗಿ ತೋರಿಸಲಾಗಿದೆಯೆಂದು ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ಹಿಂತೆಗೆಯಲಾಯಿತು.

ರ‍್ಯಾಪ್ ಆದದ್ದಕ್ಕೆ ನಮ್ಮ ತಕರಾರಿಲ್ಲ. ಹಾಡು ಎಂದೂ ಒಂದೇ ಕೈಯಲ್ಲಿ ಉಳಿದಿಲ್ಲ. ಕಿಶೋರ್ ಕುಮಾರರ ಮೂಲಕ ನಮಗೆ ಪರಿಚಿತವಾದ, ಕಂಠ ಥಟ್ಟನೆ ಒಡೆದು ಮೇಲಕ್ಕೆ ಹಾರುವ ಯೋಡ್ಲಿಂಗನ್ನೇ ನೋಡಿ. ಅಮೆರಿಕದ ಎಮ್ಮೆಟ್ ಮಿಲ್ಲರ್ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅನುಕರಿಸುವ ಮಿನ್‌ಸ್ಟ್ರೆಲ್ ರಂಗದ ಬಿಳಿಯ ಗಾಯಕ. ಅವನು 1928ರಲ್ಲಿ ಹಾಗೆ ಹಾಡಿ ಮುದ್ರಿಸಿದ 'ಲವ್‌ಸಿಕ್ ಬ್ಲೂಸ್' 1949ರಲ್ಲಿ ಹ್ಯಾಂಕ್ ವಿಲಿಯಮ್ಸ್‌ನ ದನಿಯಲ್ಲಿ ಕಂಟ್ರಿ ಸಂಗೀತದ ಹೆಗ್ಗುರುತಾಯಿತು. 1962ರಲ್ಲಿ ಸತ್ತಾಗ ಮಿಲ್ಲರ್ ಯಾರಿಗೂ ಬೇಡದವನು. ಅವನ ರಂಗ ಯಾರನ್ನು ಅಣಕಿಸಿ ಹೊಟ್ಟೆ ಹೊರೆಯಿತೋ ಆ ಕಪ್ಪು ಹಾಡುಗಾರರು ಇನ್ನೂ ಒಂದು ಮೆಟ್ಟಿಲು ಕೆಳಗೆ, ಹೆಸರೇ ಇಲ್ಲದೆ.

ನಮ್ಮಲ್ಲಿ ಅಳಿದದ್ದು ಹಾಡುಗಾರರ ಹೆಸರಷ್ಟೇ ಅಲ್ಲ. ಗುಡ್ಡರ ಹಾಡಿಕೆಯಲ್ಲಿ ಭಿಕ್ಷೆಗೆ ಮೊದಲು ಆಣೆಯ ಪ್ರಸಂಗವಿದೆ. ಆ ಬಾಗಿಲ ಹಿಂದೆ ಇರುವವಳ ಸ್ಥಿತಿ ಕೇಳುಗನಿಗೆ ಗೊತ್ತು. ಐದು ನಿಮಿಷದ ಚಿತ್ರಗೀತೆಯಲ್ಲಿ ಅದಕ್ಕೆ ಜಾಗವಿಲ್ಲ. ಉಳಿದದ್ದು ತಾಳ, ಭಕ್ತಿ ಮತ್ತು ಹೊರಗೆ ಬಾ ಎಂದು ಕರೆಸಿಕೊಳ್ಳುವ ಒಬ್ಬ ಚೆಲುವೆ. 2020ರ ವಿಡಿಯೊಗೆ ದಾರಿಯಾದದ್ದು ಅಲ್ಲೇ ಎಂಬುದು ನಮ್ಮ ಅನಿಸಿಕೆ. ಆದರೂ ಜಗಳವೆಲ್ಲ ಉಡುಪು, ಕುಣಿತದ ಸುತ್ತಲೇ ನಡೆಯಿತು. ಆಣೆ ಕೊಡಲೊಲ್ಲದ ಹೆಣ್ಣು ಎಲ್ಲಿ ಹೋದಳೆಂದು ಕೇಳಿದವರು ವಿರಳ.

'ಜಾನಪದ' ಎಂದು ಒಂದು ಪದ ಬರೆದರೆ ಋಣ ತೀರಿತೆಂದು ನಮ್ಮ ಚಿತ್ರರಂಗ ತಿಳಿದಂತಿದೆ. ಕಾವ್ಯದ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ತಂದ ಸಾಹಿತ್ಯ ಅಕಾಡೆಮಿಗೆ ಅದು ಸಾಲದೆನಿಸಿತು. ಆ ಪುಸ್ತಕದಲ್ಲಿ ಹಾಡಿದವರ ಹೆಸರಿದೆ: ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು.