ಲೆಕ್ಕಕ್ಕೆ ಬಾರದವಳು

"ಅಕ್ಕಾ, ಕಂಪ್ಲೇಂಟ್ ಕೊಟ್ರೆ ಅವರನ್ನ ಹಿಡ್ಕೊಂಡು ಹೋಗ್ತಾರಾ? ವಾಪಸ್ ಬಂದ ಮೇಲೆ ನನ್ನ ಗತಿ ಏನು?" ಹಿಂದಿನ ಬೀದಿಯ ಹುಡುಗಿ ಒಮ್ಮೆ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದಳು. ತುಟಿ ಒಡೆದಿತ್ತು. ನಾನು ಕಾಫಿ ಕೊಟ್ಟೆ, ಉತ್ತರ ಕೊಡಲಿಲ್ಲ. ಗೊತ್ತಿದ್ದರಲ್ಲವೇ ಕೊಡುವುದು!

ಅವಳ ಎರಡನೆಯ ಪ್ರಶ್ನೆಯನ್ನು ದೂರದ ಅಮೆರಿಕದಲ್ಲಿ ಪರೀಕ್ಷೆಗೇ ಒಡ್ಡಿದ್ದರೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. 1981ರಲ್ಲಿ ಮಿನಿಯಾಪೊಲಿಸ್ ನಗರದ ಪೊಲೀಸರೊಂದಿಗೆ ಲಾರೆನ್ಸ್ ಶರ್ಮನ್, ರಿಚರ್ಡ್ ಬರ್ಕ್ ಎಂಬ ಸಂಶೋಧಕರು ಶುರುಮಾಡಿದ ಪ್ರಯೋಗ ಅದು. ಮನೆಯೊಳಗಿನ ಹೊಡೆತದ ದೂರು ಬಂದಾಗ ಪೊಲೀಸರು ಮೂರರಲ್ಲೊಂದು ಮಾಡಬೇಕು: ಅವನನ್ನು ಬಂಧಿಸುವುದು, ಬುದ್ಧಿ ಹೇಳುವುದು, ಇಲ್ಲವೇ 8 ಗಂಟೆ ಮನೆಯಿಂದ ಹೊರಗೆ ಕಳಿಸುವುದು. ಯಾವುದೆಂದು ತೀರ್ಮಾನಿಸುವುದು ಪೊಲೀಸನಲ್ಲ, ಅವನ ಕೈಯಲ್ಲಿದ್ದ ವರದಿ ಪುಸ್ತಕದ ಮೇಲಿನ ಹಾಳೆಯ ಬಣ್ಣ. ತೀವ್ರ ಗಾಯದ ಪ್ರಕರಣಗಳನ್ನು ಹೊರಗಿಟ್ಟಿದ್ದರು.

ಹೆಣ್ಣಿನ ಪಾಡನ್ನು ಚೀಟಿ ಎತ್ತಿ ನಿರ್ಧರಿಸುವುದೇ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅದಕ್ಕೆ ಮೊದಲು ನಡೆಯುತ್ತಿದ್ದುದೇನು? ಬಂದ ಪೊಲೀಸನಿಗೆ ತೋಚಿದ್ದು. ಅದಕ್ಕಿಂತ ಚೀಟಿಯೇ ವಾಸಿ. ಕೊನೆಗೊಂದು ಸಂಗತಿಯಾದರೂ ತಿಳಿದೀತು.

ತಿಳಿದದ್ದು ಇಷ್ಟು. 314 ಪ್ರಕರಣಗಳಲ್ಲಿ, ಪೊಲೀಸ್ ದಾಖಲೆಯ ಪ್ರಕಾರ, ಆರು ತಿಂಗಳೊಳಗೆ ಮತ್ತೆ ಕೈ ಮಾಡಿದವರು ಬಂಧಿತರಲ್ಲಿ ಶೇಕಡಾ 10, ಬುದ್ಧಿ ಹೇಳಿಸಿಕೊಂಡವರಲ್ಲಿ 19, ಹೊರಗೆ ಕಳಿಸಲ್ಪಟ್ಟವರಲ್ಲಿ 24. 1984ರಲ್ಲಿ ಇದು ಪ್ರಕಟವಾದದ್ದೇ ತಡ, ಎಷ್ಟೋ ನಗರಗಳು ಬಂಧನವನ್ನೇ ನಿಯಮ ಮಾಡಿಕೊಂಡವು. ಕಡ್ಡಾಯ ಮಾಡಬೇಡಿ ಎಂದು ಬರೆದವರೇ ಹೇಳಿದ್ದರು. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿತ್ತು?

ನನ್ನ ತಕರಾರು ಬೇರೆ. ಹದಿನೈದು ದಿನಕ್ಕೊಮ್ಮೆ, 24 ವಾರಗಳ ಕಾಲ ಆ ಹೆಂಗಸರನ್ನು ಮಾತನಾಡಿಸುವ ಏರ್ಪಾಡಿತ್ತು. ಕೊನೆಯವರೆಗೂ ಮಾತಿಗೆ ಸಿಕ್ಕವರು ಸುಮಾರು ಅರ್ಧದಷ್ಟು ಮಂದಿ. ಮಿಕ್ಕವರು ಮನೆ ಬದಲಿಸಿದರೋ, ಬಾಯಿ ಮುಚ್ಚಿಕೊಂಡರೋ? ಅದಿರಲಿ. ಮುಖ್ಯವಾಗಿ ಅಳೆದದ್ದು ಅವನು ಮತ್ತೆ ಹೊಡೆದನೇ ಎಂಬುದನ್ನು. ಅವಳ ನಿದ್ದೆ, ಅವನು ಒಳಗಿದ್ದ ದಿನ ಮನೆಗೆ ಬಾರದ ಕೂಲಿ, ನೆರೆಯವರ ಕೊಂಕು: ಇವಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಅವಳು ಅಲ್ಲಿ ಬರೀ ಸಾಕ್ಷಿ.

ಶರ್ಮನ್ ಅಲ್ಲಿಗೇ ನಿಲ್ಲಲಿಲ್ಲ, ಅದು ಅವರ ದೊಡ್ಡತನ. 1987-88ರಲ್ಲಿ ಮಿಲ್ವಾಕಿ ನಗರದಲ್ಲಿ ಮತ್ತೆ ಪರೀಕ್ಷಿಸಿದರು. ಉದ್ಯೋಗವಿದ್ದ ಗಂಡಸು ಬಂಧನಕ್ಕೆ ಬೆದರಿದ. ಉದ್ಯೋಗವಿಲ್ಲದವನು ಇನ್ನಷ್ಟು ಕೆರಳಿದ. ತಮ್ಮ ಹೆಸರು ತಂದ ಫಲವನ್ನೇ ತಾವಾಗಿ ಪ್ರಶ್ನಿಸುವವರು ಎಷ್ಟು ಮಂದಿ ಸಿಗುತ್ತಾರೆ? ಅಡುಗೆ ಕೆಟ್ಟಿತೆಂದು ಒಪ್ಪಿಕೊಳ್ಳುವುದೇ ನಮಗೆ ಕಷ್ಟ.

23 ವರ್ಷಗಳ ನಂತರ ಶರ್ಮನ್ ಮತ್ತು ಹೆದರ್ ಹ್ಯಾರಿಸ್, ಮಿಲ್ವಾಕಿಯಲ್ಲಿ ಹೊಡೆತ ತಿಂದ 1,125 ಜನರಲ್ಲಿ ಎಷ್ಟು ಮಂದಿ ಸತ್ತಿದ್ದಾರೆಂದು ದಾಖಲೆಗಳಲ್ಲಿ ಹುಡುಕಿದರು. ಎಚ್ಚರಿಕೆ ಕೊಟ್ಟು ಬಿಟ್ಟವರ ಮನೆಗಿಂತ, ಬಂಧನವಾದವರ ಮನೆಯ ಸಂತ್ರಸ್ತರಲ್ಲಿ ಸಾವು ಶೇಕಡಾ 64ರಷ್ಟು ಹೆಚ್ಚು. ಕಪ್ಪು ಸಂತ್ರಸ್ತರಲ್ಲಿ ಈ ಹೆಚ್ಚಳ 98, ಬಿಳಿಯರಲ್ಲಿ 9. ಬಹುಪಾಲು ಕೊಲೆಯಲ್ಲ, ಹೃದಯದ ಕಾಯಿಲೆಯಂಥ ಸಾಮಾನ್ಯ ಕಾರಣಗಳು. ಈ ಅಂಕಿಯನ್ನು ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊಡೆದವನನ್ನು ಬಿಟ್ಟುಬಿಡಿ ಎಂದು ಯಾರಾದರೂ ಇದರ ಅರ್ಥ ಹಚ್ಚಿದರೆ ನಾನು ಒಪ್ಪುವವಳಲ್ಲ. ಅದು ಆ ಊರಿನ, ಆ ಕಾಲದ, ಸಣ್ಣದೆಂದು ಕರೆಸಿಕೊಂಡ ಹೊಡೆತಗಳ ಕತೆ. ಆದರೆ ಅವಳ ಎದೆಯೊಳಗೆ ಏನಾಯಿತೆಂಬುದು ಲೆಕ್ಕದ ಪುಸ್ತಕಕ್ಕೆ ಬರಲು ಅವಳು ಸಾಯಬೇಕಾಯಿತಲ್ಲ! ಆ ಹಾಳೆಯಲ್ಲಿ ಇನ್ನೊಂದು ಸಾಲು, 'ನಿನಗೇನು ಬೇಕಮ್ಮ' ಎಂಬ ಸಾಲು, ಮೊದಲ ದಿನವೇ ಇರಬಹುದಿತ್ತು.

ಹಿಂದಿನ ಬೀದಿಯ ಹುಡುಗಿ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಾಳೆ. ನನ್ನ ರವಿಕೆಗಳೆಲ್ಲ ಅವಳ ಕೈಯವೇ. ಅಂದು ಠಾಣೆಗೆ ಹೋದಳೋ ಇಲ್ಲವೋ, ನಾನೂ ಕೇಳಿಲ್ಲ.