ನೀಲಗಾರರ ಮೇಳ: ಕಪ್ಪಡಿಯ ಕಾವ್ಯಪರಂಪರೆ

ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿಯ ದಡದಲ್ಲಿರುವ ಕಪ್ಪಡಿಯು ಜನಪದ ಸಂತ ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿ ಹಾಗೂ ಚೆನ್ನಾಜಮ್ಮನವರ ಗದ್ದುಗೆಯ ಕ್ಷೇತ್ರವಾಗಿದ್ದು, ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆಯುವ ಇಲ್ಲಿಯ ಜಾತ್ರೆಯು ನೀಲಗಾರರ, ಅಂದರೆ ಮಂಟೇಸ್ವಾಮಿ ಪಂಥದ ದೀಕ್ಷೆ ಪಡೆದ ವೃತ್ತಿಗಾಯಕರ, ಹಾಡುಗಾರಿಕೆಗೆ ಹಿರಿಯ ನೆಲೆಯಾಗಿದೆ.

ಮೇಳದ ರಚನೆ ಸರಳವಾದರೂ ಅದರ ಶಕ್ತಿ ಅಸಾಧಾರಣವಾದುದು. ಮುಖ್ಯ ಗಾಯಕನು ತಂಬೂರಿಯನ್ನು ಹೆಗಲಿಗೊರಗಿಸಿ ಶ್ರುತಿ ಮೀಟುತ್ತ, ಒಳಗೆ ಹರಳುಗಳಿರುವ ಟೊಳ್ಳು ಲೋಹದ ಬಳೆಯಾದ ಗಗ್ಗರವನ್ನು ಲಯಕ್ಕೆ ತಕ್ಕಂತೆ ಅಲುಗಿಸುತ್ತ ಕಥೆಯನ್ನು ಎತ್ತಿಕೊಳ್ಳುತ್ತಾನೆ. ಹಿಮ್ಮೇಳದವರು ಪಲ್ಲವಿಯನ್ನು ಹಿಡಿದು ಹಾಡಿದಾಗ ಅವನಿಗೆ ಉಸಿರು ತಿರುಗಿಸಿಕೊಳ್ಳಲು, ಮುಂದಿನ ನುಡಿಯನ್ನು ಕಟ್ಟಿಕೊಳ್ಳಲು ಅವಕಾಶ ದೊರೆಯುತ್ತದೆ. ಹಾಡು ಮತ್ತು ಮಾತು ಒಂದರೊಳಗೊಂದು ಹೆಣೆದುಕೊಂಡು ಸಾಗುವ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು 'ಸಾಲು' ಎಂಬ ಭಾಗಗಳಾಗಿ ವಿಂಗಡಣೆಗೊಂಡಿದೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿಯು ಶರಣರ ಭಕ್ತಿಯನ್ನೇ ಪರೀಕ್ಷೆಗೆ ಒಡ್ಡಿದರೆ, ಹಲಗೂರಿನ ಸಾಲಿನಲ್ಲಿ ಅವನ ಶಿಷ್ಯ ಸಿದ್ಧಪ್ಪಾಜಿಯು ಕಮ್ಮಾರಿಕೆಯ ಪಾಂಚಾಳರಿಂದ ಕಬ್ಬಿಣದ ಭಿಕ್ಷೆಯನ್ನು ಪಡೆಯುತ್ತಾನೆ.

ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಮೊದಲಾದ ವಿದ್ವಾಂಸರ ಶ್ರಮದಿಂದ ಈ ಕಾವ್ಯ ಅಚ್ಚಾಗಿರುವುದು ಕನ್ನಡದ ಭಾಗ್ಯ. ಆದರೂ ತಲೆಮಾರುಗಳಿಂದ ಅದನ್ನು ನೆನಪಿನಲ್ಲಿಯೇ ಕಾಪಾಡಿಕೊಂಡು, ರಾತ್ರಿಯಿಡೀ ದಣಿವರಿಯದೆ ಹಾಡಿ, ದುಡಿಯುವ ಜನರ ಘನತೆಯನ್ನು ದೈವದ ಎತ್ತರಕ್ಕೆ ಏರಿಸಿದ ಕೀರ್ತಿ ನೀಲಗಾರರಿಗೇ ಸಲ್ಲಬೇಕು.