ಕತ್ತೆತ್ತಿ ನೋಡಬೇಕಾದ ಚಿತ್ರಗಳು

ಚಾವಣಿಯ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿದ ಕೂಡಲೇ ಅದರ ಮುಖ್ಯ ಗುಣವೊಂದು ಮಾಯವಾಗುತ್ತದೆ: ಅದು ನಮ್ಮ ತಲೆಯ ಮೇಲಿತ್ತು ಎಂಬುದು. ಪ್ಯಾರಿಸ್‌ನ ಲೂವ್ರ್ ಅರಮನೆಯ ಎರಡು ಚಿತ್ರಗಳನ್ನು ಹೋಲಿಸಿದರೆ ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಮೊದಲನೆಯದು, ದೊರೆ ಹತ್ತನೆಯ ಚಾರ್ಲ್ಸ್‌ನ ಹೆಸರಿನ ಮ್ಯೂಸಿಯಂಗಾಗಿ ಆಂಗ್ರ್ 1827ರಲ್ಲಿ ಮುಗಿಸಿದ ಹೋಮರನ ಪಟ್ಟಾಭಿಷೇಕ. ಗುಡಿಯೊಂದರ ಮುಂದೆ ಹೋಮರ್ ಕೂತಿದ್ದಾನೆ. ಅವನ ಕಾಲಬಳಿ ಇಲಿಯಡ್ ಮತ್ತು ಒಡಿಸ್ಸಿ ಇಬ್ಬರು ಹೆಂಗಸರಾಗಿ ಕೂತಿವೆ. ಸುತ್ತಲೂ ಕವಿಗಳು, ಕಲಾವಿದರು ಸಾಲುಗಟ್ಟಿದ್ದಾರೆ. ನೋಡುವವನು ಕೆಳಗೆ ನಿಂತಿದ್ದಾನೆಂಬ ಪರಿವೆಯೇ ಆಂಗ್ರ್‌ಗೆ ಇಲ್ಲ. ಇದು ಗೋಡೆಯ ಚಿತ್ರ. ಚಾವಣಿಯಲ್ಲಿ ಮಲಗಿಸಲಾಗಿದೆ, ಅಷ್ಟೆ. 1855ರಲ್ಲಿ ಅದನ್ನು ಕೆಳಗಿಳಿಸಿ, ಆಮೇಲೆ ಅದರ ಜಾಗದಲ್ಲಿ ನಕಲೊಂದನ್ನು ಕೂಡಿಸಿದರು. ಇಂದು ಮೂಲಚಿತ್ರ ಗೋಡೆಯ ಮೇಲಿದೆ, ಅಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ.

ಎರಡನೆಯದು ಅಪೊಲೊ ಗ್ಯಾಲರಿಯದು. ಹದಿನೇಳನೆಯ ಶತಮಾನದಲ್ಲಿ ಲ ಬ್ರುನ್ ಶುರುಮಾಡಿದ ಅಲಂಕಾರ ಅರ್ಧಕ್ಕೇ ನಿಂತಿತ್ತು. ಅದರ ನಡುವಿನ ಜಾಗವನ್ನು ದೆಲಕ್ರೊವಾ 1851ರಲ್ಲಿ ತುಂಬಿದ. ಸುಮಾರು 8 ಮೀಟರ್ ಎತ್ತರದ ಈ ಚಿತ್ರದಲ್ಲಿ, ರಥವೇರಿದ ಅಪೊಲೊ ಕೆಸರಲ್ಲಿ ಹೊರಳುವ ಹೆಬ್ಬಾವಿಗೆ ಬಾಣ ಹೂಡಿದ್ದಾನೆ. ವಿವರ ಕಾಣದಿದ್ದರೂ ಮೇಲೆ ಬೆಳಕು, ಕೆಳಗೆ ಕತ್ತಲು, ನಡುವೆ ಅವೆರಡರ ಕಾದಾಟ ಎಂಬುದು ನೆಲದಿಂದಲೇ ತಿಳಿಯುತ್ತದೆ. ಸುತ್ತಲಿನ ಹಳೆಯ ಚಿನ್ನದ ಕೆತ್ತನೆಗೂ ಅದು ಹೊಂದಿಕೊಳ್ಳುತ್ತದೆ.

ಪುಸ್ತಕದ ಪುಟ ಆಂಗ್ರ್‌ನ ಪಕ್ಷಪಾತಿ. ಅಲ್ಲಿ ಅವನ ಗೆರೆಯ ಖಚಿತತೆ ಗೆಲ್ಲುತ್ತದೆ. ದೆಲಕ್ರೊವಾ ಗದ್ದಲವಾಗಿ ಕಾಣುತ್ತಾನೆ. ನಾಟಕವನ್ನು ಓದಿಯಷ್ಟೇ ತೀರ್ಪು ಕೊಡುವ ವಿಮರ್ಶಕನನ್ನು ರಂಗದವರು ಒಪ್ಪುವುದಿಲ್ಲ. ಚಾವಣಿಚಿತ್ರದ ವಿಷಯದಲ್ಲಿ ಮಾತ್ರ ಆ ಎಚ್ಚರ ನಮಗಿಲ್ಲ. 'ಬರೀ ಅಲಂಕಾರ' ಎಂಬ ತಾತ್ಸಾರದ ಮಾತು ಹುಟ್ಟುವುದೂ ಇಲ್ಲಿಯೇ. ಕೋಣೆಗೆ, ಬೆಳಕಿಗೆ, ನೋಡುವವನ ಕತ್ತಿಗೆ ಒಪ್ಪುವಂತೆ ಬರೆಯುವುದು ಕಲೆಯಲ್ಲಿ ಕಡಿಮೆ ದರ್ಜೆಯ ಕೆಲಸವೆಂದು ನನಗನ್ನಿಸುವುದಿಲ್ಲ.

ಆ ತಾತ್ಸಾರಕ್ಕೆ ಪರಿಣಾಮವೂ ಇದೆ. 1875ರಲ್ಲಿ ಬಾಗಿಲು ತೆರೆದ ಪ್ಯಾರಿಸ್ ಒಪೆರಾದ ಪ್ರೇಕ್ಷಾಂಗಣಕ್ಕೆ ಲೆನಪ್ವ ಬರೆದ ಚಾವಣಿ 1964ರಲ್ಲಿ ಶಗಾಲ್‌ನ ಹೊಸ ಚಿತ್ರದ ಹಿಂದೆ ಮುಚ್ಚಿಹೋಯಿತು. ಶಗಾಲ್‌ನ ಚಿತ್ರ ಒಳ್ಳೆಯದೋ ಕೆಟ್ಟದೋ ಎಂದು ಇಂದಿಗೂ ವಾದಿಸಬಹುದು. ಆದರೆ ಆ ವಾದದ ಇನ್ನೊಂದು ಪಕ್ಷ ಅದರ ಹಿಂದೆಯೇ ಇದೆ, ಕತ್ತೆತ್ತಿದರೂ ಕಾಣುವುದಿಲ್ಲ.